ಅಟ್ಟದಿಂದ ಇಳಿದ ಬಲೆ

ಪ್ರಣಮ್, ಸಾನ್ವಿ,

ಮೊನ್ನೆ ಭಾನುವಾರ ನಿಮ್ಮ ಅಮ್ಮ ಸಿಂಕಿನಲ್ಲಿ ಮೀನು ಕೊಯ್ಯುವಾಗ ಅದರ ಹೊಟ್ಟೆಯಿಂದ ಹಳದಿ ಮೊಟ್ಟೆಯ ಎರಡು ಎಸಳು ಹೊರಗೆ ಬಂದವಲ್ಲ. ಕಡಲಿಗೆ ದೋಣಿ ಇಳಿಯದ ಈ ದಿನಗಳಲ್ಲಿ ಅಂಬಲಪಾಡಿಯ ಹತ್ತಿರ ರಸ್ತೆ ಬದಿಯಲ್ಲಿ ಸಿಕ್ಕಿತೆಂದು ನಿಮ್ಮ ಅಪ್ಪ ತಂದ ಹೊಳೆಮೀನು ಅದು. ಮೊಟ್ಟೆ ನನಗೆ, ನನಗೆ ಎಂದು ನೀವಿಬ್ಬರೂ ಜಗಳ ಮಾಡಿದಿರಿ. ಊಟಕ್ಕೆ ಕೂತಾಗ ಸಾನ್ವಿ ತನ್ನ ಪಾಲಿನಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನು ಅನ್ನದ ಅಡಿಯಲ್ಲಿ ಮುಚ್ಚಿಟ್ಟೆ. ಯಾಕೆ ತಿನ್ನುವುದಿಲ್ಲ ಎಂದು ಅವಳು ಕೇಳಿದ್ದಕ್ಕೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದೆ. ಅದು ಸುಳ್ಳು. ಸಿಕ್ಕಿಕೊಳ್ಳುವಷ್ಟು ಹಲ್ಲು ನನ್ನ ಬಾಯಲ್ಲಿ ಉಳಿದಿಲ್ಲ.

ಆ ಹಸಿ ಮೊಟ್ಟೆಯ ವಾಸನೆ ಅಡುಗೆಮನೆಯಲ್ಲಿ ಸಂಜೆಯವರೆಗೂ ಇತ್ತು. ನಿಮ್ಮ ಅಮ್ಮ ನಿಂಬೆಸಿಪ್ಪೆ ಹಾಕಿ ತಿಕ್ಕಿದಳು. ನನ್ನ ಮೂಗಿನಿಂದ ಅದು ಹೋಗಲಿಲ್ಲ. ಅದಕ್ಕೆ ಈ ಬರೆಯುವ ಪುಸ್ತಕ ತೆಗೆದುಕೊಂಡು ಕೂತಿದ್ದೇನೆ.

ಬಾಯಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಅಜ್ಜಿಯ ಬಾಯಿ ಎಂಥದ್ದೆಂದು ನಿಮಗೆ ಗೊತ್ತಿಲ್ಲ. ಕಾರ್ಕಳದ ಆಚೆ ನಮ್ಮ ಹಳ್ಳಿಯ ಶಾಲೆಯಲ್ಲಿ ಹೆಸರು ಕೂಗುವಾಗ ನಾನು ಹೇಳಿದ 'ಹಾಜರ್' ಮಾಷ್ಟ್ರಿಗೆ ಕೇಳಿಸುತ್ತಿರಲಿಲ್ಲ. ವಾರಗಟ್ಟಲೆ ಬೆಂಚಿನಲ್ಲಿ ಕೂತಿದ್ದರೂ ಪುಸ್ತಕದಲ್ಲಿ ಗೈರುಹಾಜರಿ. ಮದುವೆಯಾದ ಹೊಸತರಲ್ಲಿ ಒಬ್ಬಳೇ ಬಸ್ಸಿನಲ್ಲಿ ಬರುವಾಗ ಕಾಪುವಿನಲ್ಲಿ ನಿಲ್ಲಿಸಿ ಎಂದು ಕಂಡಕ್ಟರನಿಗೆ ಹೇಳಲಾಗದೆ ಮುಂದಿನ ಸ್ಟಾಪಿನಲ್ಲಿ ಯಾರೋ ಇಳಿಯುವಾಗ ನಾನೂ ಇಳಿದು, ಹೆದ್ದಾರಿಯ ಬದಿಯಲ್ಲಿ ಚೀಲ ಹೊತ್ತು ಹಿಂದೆ ನಡೆದವಳು ನಾನು. ಬೇಡ ಎಂದು ಹೇಳುವುದು, ಬೇಕು ಎಂದು ಕೇಳುವುದು ಎರಡೂ ನನಗೆ ಬರುತ್ತಿರಲಿಲ್ಲ. ನಿಮ್ಮ ಅಜ್ಜ ಇದನ್ನು ಹೇಳಿ ನಗುತ್ತಿದ್ದರು. ಮುಂದೆ ಓದುವಾಗ ಇದು ನೆನಪಿರಲಿ. ನೆಪ ಅಂತ ಹೇಳುತ್ತಿಲ್ಲ.

ನಮ್ಮ ಮನೆ ಕಾಪು ಪೇಟೆಯಿಂದ ಒಳಗೆ, ಹೊಳೆಯ ಬದಿಯಲ್ಲಿ. ನೀವು ರಜೆಯಲ್ಲಿ ಹೋಗುವ, ಈಗ ದಿನೇಶ ಮಾಮ ಇರುವ ಮನೆಯೇ. ನನ್ನ ಹಾಗೆ ಆ ಹೊಳೆಯೂ ಮೇಲಿನ ಕಡೆಯಿಂದ ಇಳಿದು ಬಂದದ್ದು. ಆಗ ಅಲ್ಲಿ ಹೊಳೆಯನ್ನು ನಂಬಿದ ಏಳು ಮನೆಗಳಿದ್ದವು. ಕಡಲಿನ ರಜೆಯನ್ನು ಸರಕಾರ ಹೇಳುತ್ತದೆ. ನಮ್ಮ ಹೊಳೆಯ ರಜೆಯನ್ನು ಹೇಳುವವರು ನಾವೇ. ಮಳೆಗಾಲದ ಮೊದಲ ಕೆಂಪು ನೀರು ಬಂದ ದಿನ ಏಳು ಮನೆಯ ಬಲೆಗಳೂ ನಮ್ಮ ಮನೆಗೆ ಬರಬೇಕು. ಹರಿದ ಕಣ್ಣುಗಳನ್ನು ಹೆಣೆದು, ಒಣಗಿಸಿ, ಸುತ್ತಿ ತರಬೇಕು. ಅವುಗಳನ್ನು ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ಮನೆಯ ಹಿರಿಯ ಹೆಂಗಸು ಒಂದೇ ಹಗ್ಗದಿಂದ ಎಲ್ಲವನ್ನೂ ಸೇರಿಸಿ ಗಂಟು ಹಾಕುತ್ತಿದ್ದಳು. ಮಳೆಯ ಜೋರು ಇಳಿದು ಸೋಣ ತಿಂಗಳು ಹುಟ್ಟುವವರೆಗೆ ಆ ಗಂಟನ್ನು ಗಂಡಸರು ಮುಟ್ಟುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಬಸುರಿಯ ಹೊಟ್ಟೆಗೆ ಕೈ ಹಾಕಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ನೂಲಿನ ಬಲೆ ಇದ್ದಾಗ ಹೊಗೆ ತಾಗಿದರೆ ಹುಳ ಹಿಡಿಯುವುದಿಲ್ಲ ಎಂಬ ಲೆಕ್ಕವೂ ಇತ್ತಂತೆ. ನಾನು ಬರುವಾಗ ನೈಲಾನ್ ಬಂದಿತ್ತು. ನೈಲಾನಿಗೆ ಎಂತದ ಹುಳ ಎಂದು ಗಂಡಸರು ನಗುತ್ತಿದ್ದರು, ಆದರೂ ತಂದು ಕೊಡುತ್ತಿದ್ದರು.

ಇದು ಕ್ರಮದ ಅರ್ಧ ಮಾತ್ರ. ಇನ್ನರ್ಧವನ್ನು ನಾನು ಅತ್ತೆಯ ಕೈಯಿಂದ ನೋಡಿದ್ದೆ. ಏಳು ಮನೆಗಳಲ್ಲಿ ಗದ್ದೆ ಇದ್ದದ್ದು ನಮ್ಮದನ್ನೂ ಸೇರಿಸಿ ಮೂರಕ್ಕೆ. ಬಲೆ ಏರಿಸಿದ ಸಂಜೆಯೇ ಅತ್ತೆ ಗದ್ದೆ ಇಲ್ಲದ ಮನೆಗಳಿಗೆ ಕುಚ್ಚಲಕ್ಕಿ ಕಳುಹಿಸುತ್ತಿದ್ದರು. ಸೋಣಕ್ಕೆ ಮೊದಲಿನ ಆಟಿ ತಿಂಗಳಲ್ಲಿ, ಜಡಿಮಳೆಯ ನಡುವೆ, ಮತ್ತೊಮ್ಮೆ. ಯಾರೂ ಕೇಳುತ್ತಿರಲಿಲ್ಲ, ಇವರೂ ಹೇಳುತ್ತಿರಲಿಲ್ಲ. ಜಗಲಿಯಲ್ಲಿ ಇಟ್ಟು, "ಬಲೆ ಮೇಲೆ ಉಂಟು" ಎಂದಷ್ಟೇ ಹೇಳಿ ಬರಬೇಕು. ಹೊಸ ಸೊಸೆಯಾಗಿ ಆ ಬುಟ್ಟಿ ಹೊತ್ತವಳು ನಾನೇ. ನನಗೆ ಆ ಮೂರು ಶಬ್ದ ಹೇಳುವುದೂ ಕಷ್ಟವಾಗಿ, ಇಟ್ಟು ಓಡಿ ಬರುತ್ತಿದ್ದೆ.

ಅತ್ತೆ ಹೋದ ಮೇಲೆ ಗಂಟು ನನ್ನ ಕೈಗೆ ಬಂತು. ಅಕ್ಕಿ ನಿಂತಿತು. ಹೇಗೆ ನಿಂತಿತು ಎಂದರೆ, ಒಂದು ವರ್ಷ ನಮ್ಮಲ್ಲೇ ಬೆಳೆ ಸರಿಯಾಗಲಿಲ್ಲ. ಮರುವರ್ಷ ನಿಮ್ಮ ಅಜ್ಜ, ಈಗ ಎಲ್ಲರಿಗೂ ರೇಷನ್ ಅಂಗಡಿಯಲ್ಲಿ ಸಿಗುತ್ತದಲ್ಲ, ಕೊಟ್ಟರೆ ಅವರಿಗೇ ಬೇಸರವಾದೀತು ಎಂದರು. ನನಗೂ ಜಗಲಿ ಜಗಲಿ ಹತ್ತುವ ಕೆಲಸ ತಪ್ಪಿತಲ್ಲ ಎಂದು ಸಮಾಧಾನವೇ ಆಯಿತು. ಬಲೆ ಏರಿಸುವುದನ್ನು ಮಾತ್ರ ನಾವು ಒಂದು ವರ್ಷವೂ ಬಿಡಲಿಲ್ಲ. ಅದರಿಂದ ನಮ್ಮ ಮನೆಗೆ ಖರ್ಚು ಇರಲಿಲ್ಲ.

ಅಕ್ಕಿ ನಿಂತ ನಾಲ್ಕನೆಯ ಆಟಿ ಅದು. ಮಧ್ಯಾಹ್ನ, ಜಡಿಮಳೆ. ಗಂಡಸರು ಮನೆಯಲ್ಲಿರಲಿಲ್ಲ. ಹಿಂದಿನ ಬಾಗಿಲಿನಲ್ಲಿ ಲೀಲಕ್ಕ ನಿಂತಿದ್ದರು. ಲೀಲಕ್ಕ ನಮ್ಮ ಪಕ್ಕದ ಮನೆಯವರು, ಸಂಜೀವಣ್ಣನ ಹೆಂಡತಿ. ನನಗಿಂತ ಸ್ವಲ್ಪ ದೊಡ್ಡವರು. ನಾನು ಬಾಯಿ ಬಿಡದಿದ್ದರೂ ನನ್ನೊಟ್ಟಿಗೆ ಮಾತಾಡಬಲ್ಲ ಒಬ್ಬರೇ ಒಬ್ಬರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ನಿಮಗೆ ಓದಲು ಆಗಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಮ್ಮ ಬಲೆ ಒಮ್ಮೆ ಕೊಡು ಮಾರಾಯ್ತಿ. ನಾಲ್ಕು ಕಣ್ಣು ಹರಿದದ್ದುಂಟು. ಇವರು ಸುಮ್ಮನೆ ಕೂತಿದ್ದಾರೆ, ಹೆಣೆದು ಕೊಡುತ್ತಾರಂತೆ."

ಏರಿಸುವ ಮೊದಲೇ ಹೆಣೆದು ಮುಗಿಸಬೇಕೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅವರ ಕಣ್ಣು ಒಲೆಯ ಮೇಲಿತ್ತು. ಅಲ್ಲಿ ನಮ್ಮ ಅನ್ನ ಕುದಿಯುತ್ತಿತ್ತು.

"ನಿಮ್ಮಲ್ಲಿ ಊಟ ಆಗಿಲ್ವಾ ಇನ್ನೂ?" ಎಂದು ಕೇಳಿದರು.

"ಇಲ್ಲ, ಇನ್ನು ಬಸಿಯಬೇಕಷ್ಟೆ" ಎಂದೆ.

ನಿಮ್ಮಲ್ಲಿ ಆಯಿತಾ ಎಂದು ನಾನು ತಿರುಗಿ ಕೇಳಬೇಕಿತ್ತು. ಯಾರಾದರೂ ಕೇಳುವ ಮಾತು ಅದು. ನಾಲಿಗೆಯವರೆಗೆ ಬಂತು. ಕೇಳಿದರೆ ಅವರು ಆಯಿತು ಎಂದು ಸುಳ್ಳು ಹೇಳಬೇಕು, ಅಥವಾ ಇಲ್ಲ ಎಂದು ನಿಜ ಹೇಳಬೇಕು. ಎರಡನ್ನೂ ಕೇಳಿ ನಿಲ್ಲುವ ಧೈರ್ಯ ನನಗಿರಲಿಲ್ಲ. ಬಲೆ ಕೊಡುವುದಿಲ್ಲ ಎನ್ನುವ ಧೈರ್ಯ ಮೊದಲೇ ಇಲ್ಲ. ಅಟ್ಟಕ್ಕೆ ಕೈ ಎಟುಕಬೇಕಾದರೆ ಒಲೆಯ ಕಟ್ಟೆ ಹತ್ತಬೇಕು. ಹಾಗಾಗಿ ಕುದಿಯುವ ಅನ್ನದ ಪಾತ್ರೆಯನ್ನು ಕೆಳಗಿಳಿಸಿ ಬದಿಗೆ ಸರಿಸಿದೆ. ಹತ್ತಿ, ಗಂಟು ಬಿಚ್ಚಿ, ಅವರ ಬಲೆ ಎಳೆದು ಕೊಟ್ಟೆ. ಉಳಿದ ಆರು ಬಲೆಗಳಿಗೆ ಮತ್ತೆ ಗಂಟು ಹಾಕಿ ಇಳಿದೆ. ಲೀಲಕ್ಕ ಬಲೆಯನ್ನು ಸೆರಗಿನ ಒಳಗೆ ಹಿಡಿದುಕೊಂಡು ನನ್ನ ಭುಜ ಮುಟ್ಟಿ ಹೋದರು. ಅವರು ಹೋದ ಮೇಲೆ ಪಾತ್ರೆ ಮತ್ತೆ ಒಲೆಗೆ ಇಟ್ಟೆ.

ಅದಾಗಿ ಸ್ವಲ್ಪ ಹೊತ್ತಿಗೆ ನಮ್ಮಲ್ಲಿ ಬಿಸಿಲು ಬಂತು. ಆಟಿಯ ಬಿಸಿಲು ಹೊಳೆಬದಿಯವರಿಗೆ ಒಳ್ಳೆಯದಲ್ಲ. ನಮ್ಮಲ್ಲಿ ಬಿಸಿಲಿದ್ದಾಗಲೇ ಮೇಲಿನ ಕಡೆ ಸುರಿದ ಮಳೆ ಇಳಿದು ಬರುತ್ತಿರುತ್ತದೆ. ಸಂಜೀವಣ್ಣನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಬೇರೆ ದಿನವಾದರೆ ಇಬ್ಬರು ಮೂವರು ಸೇರಿ ಹೋಗುತ್ತಾರೆ, ಒಬ್ಬ ದೋಣಿ ಹಿಡಿದಿರುತ್ತಾನೆ. ಆ ದಿನ ಯಾರನ್ನು ಕರೆಯುವುದು? ಒಬ್ಬರೇ ಹೋದರು. ಸಂಜೆ ದೋಣಿ ಮಗುಚಿ ಸಿಕ್ಕಿತು. ಸಂಜೀವಣ್ಣ ಮರುದಿನ ಸಿಕ್ಕಿದರು.

ಬಲೆ ಕೆಳಗಿನ ತಿರುವಿನಲ್ಲಿ ಮರದ ಬುಡಕ್ಕೆ ಸಿಕ್ಕಿಕೊಂಡಿತ್ತು. ಅದನ್ನೂ ತಂದು ಅವರ ಮನೆಯ ಅಂಗಳದ ಮೂಲೆಯಲ್ಲಿ ಹಾಕಿದರು. ಅದರಲ್ಲಿ ಮೀನುಗಳಿದ್ದವು. ಯಾರಿಗೂ ಅದನ್ನು ಬಿಡಿಸುವ ಮನಸ್ಸಾಗಲಿಲ್ಲ, ಎಸೆಯುವ ಮನಸ್ಸೂ ಆಗಲಿಲ್ಲ. ಮಳೆ ಬಿದ್ದು ಮೀನಿನ ಹೊಟ್ಟೆ ಒಡೆದು ಮೊಟ್ಟೆಗಳು ಅಂಗಳದ ನೀರಿನಲ್ಲಿ ಹರಿದವು. ನಾನು ಹೆಂಗಸರ ಸಾಲಿನ ಕೊನೆಯಲ್ಲಿ ನಿಂತಿದ್ದೆ. ಅವು ನನ್ನ ಕಾಲಿನ ಬೆರಳುಗಳ ನಡುವೆ ಬಂದು ನಿಂತವು.

ಬಲೆ ಹೇಗೆ ಹೊರಗೆ ಬಂತು ಎಂಬ ಮಾತು ಆ ಅಂಗಳದಲ್ಲೇ ಎದ್ದಿತು. ಸಂಜೀವ ಯಾರೂ ಇಲ್ಲದ ಹೊತ್ತು ನೋಡಿ ಅಡುಗೆಮನೆಗೆ ನುಗ್ಗಿರಬೇಕು ಎಂದು ಯಾರೋ ಹೇಳಿದರು. ಇನ್ನೊಬ್ಬರು ಹೌದೆಂದರು. ಲೀಲಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅವರೂ ಹೇಳಲಿಲ್ಲ. ಹೀಗೆ ಸತ್ತವರೊಬ್ಬರು ಕಳ್ಳರಾದರು.

ನಿಮ್ಮ ಅಜ್ಜ ಮನೆಗೆ ಬಂದು ಅಟ್ಟ ನೋಡಿದರು. ನುಗ್ಗಿದವನು ಹಗ್ಗ ಕೊಯ್ದು ಎಳೆಯುತ್ತಾನೆ, ಉಳಿದ ಬಲೆಗಳಿಗೆ ನನ್ನದೇ ಗಂಟು ಹಾಕಿ ಹೋಗುವುದಿಲ್ಲ. ಅವರು ಗಂಟನ್ನು ನೋಡಿದರು, ನನ್ನನ್ನು ನೋಡಿದರು, ಕೈಕಾಲು ತೊಳೆಯಲು ಹೋದರು. ಸಾಯುವವರೆಗೆ ಆ ಮಾತು ಎತ್ತಲಿಲ್ಲ. ಮರುದಿನದಿಂದ ಲೀಲಕ್ಕನ ಮನೆಗೆ ಅಕ್ಕಿ ಹೋಗತೊಡಗಿತು, ಪ್ರತಿ ವರ್ಷ ಹೋಯಿತು. ಬಲೆ ಕದ್ದವನ ಮನೆಗೂ ಅಕ್ಕಿ ಕೊಡುವ ದೊಡ್ಡ ಮನಸ್ಸು ಎಂದು ಊರಿನಲ್ಲಿ ನಮ್ಮನ್ನು ಹೊಗಳಿದರು. ಲೀಲಕ್ಕ ಅಕ್ಕಿ ತೆಗೆದುಕೊಂಡರು. ನನ್ನೊಟ್ಟಿಗೆ ಮಾತಾಡುವುದನ್ನು ನಿಲ್ಲಿಸಲಿಲ್ಲ, ಆದರೆ ಮತ್ತೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು.

ಹೋದ ತಿಂಗಳು ದಿನೇಶ ಮಾಮ ಫೋನು ಮಾಡಿದ್ದು ಈ ಬಲೆಯ ವಿಷಯಕ್ಕೇ. ಹೊಳೆಯ ರಜೆ ಇನ್ನು ಬೇಕೋ ಬೇಡವೋ ಎಂದು ತೀರ್ಮಾನಿಸಲು ಊರಿನ ಶಾಲೆಯಲ್ಲಿ ಸೇರುತ್ತಾರೆ, ಗಂಟು ಹಾಕುವ ಮನೆಯ ಹಿರಿಯರು ನೀವು, ಬರಬೇಕು ಎಂದ. ಹೋದೆ. ಮಕ್ಕಳ ಸಣ್ಣ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಕೂತೆ.

ರಜೆ ಬೇಡ ಎಂದು ಎದ್ದು ನಿಂತವನು ಲೀಲಕ್ಕನ ಮಗ ಸುಧಾಕರ. ತಂದೆ ಹೋದಾಗ ಶಾಲೆಗೆ ಸೇರಿರಲಿಲ್ಲ. ಈಗ ಅವನ ಮಕ್ಕಳು ನಿಮ್ಮ ವಯಸ್ಸಿನವರು.

"ಹೊಳೆಯಿಂದ ಮರಳು ತೆಗೆಯುವವರಿಗೆ ರಜೆ ಉಂಟಾ? ಹೊಳೆಗೆ ಕೊಳಕು ನೀರು ಬಿಡುವವರಿಗೆ ಉಂಟಾ? ಮೀನು ಕಡಿಮೆಯಾದದ್ದು ನಮ್ಮ ಏಳು ಬಲೆಯಿಂದವಾ?" ಎಂದ. ಆಮೇಲೆ ದನಿ ಇಳಿಸಿ, "ಈ ಕ್ರಮ ಇಲ್ಲದಿದ್ದರೆ ನಮ್ಮ ಅಪ್ಪ ನಾಲ್ಕು ಜನರೊಟ್ಟಿಗೆ ಹೋಗುತ್ತಿದ್ದರು. ಕಳ್ಳರ ಹಾಗೆ ಒಬ್ಬರೇ ಹೋಗುತ್ತಿರಲಿಲ್ಲ" ಎಂದ.

ಹಿಂದಿನ ಬೆಂಚಿನಿಂದ ಒಬ್ಬರು, "ಕಳ್ಳರ ಹಾಗೆ ಎಂತದು ಮಾರಾಯ, ಕದ್ದದ್ದೇ ಅಲ್ವಾ" ಎಂದರು. ಎರಡು ಮೂರು ಜನ ನಕ್ಕರು.

ನಾನು ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ. ಹೇಳಿದೆ. ಫ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸಭೆ ನಡೆಸುವವರು, ಜೋರು ಹೇಳಿ ಅಮ್ಮ ಎಂದರು. ಜೀವಮಾನದಲ್ಲಿ ಒಮ್ಮೆ ಹೇಳಲು ಇಷ್ಟು ವರ್ಷ ಹಿಡಿದ ಮಾತನ್ನು ಎರಡು ಸಲ ಹೇಳಬೇಕಾಯಿತು.

"ಸಂಜೀವಣ್ಣ ಕದ್ದದ್ದಲ್ಲ. ನಾನು ಬಿಚ್ಚಿ ಕೊಟ್ಟದ್ದು."

ನಗುವುದು ನಿಂತಿತು. ಸುಧಾಕರ ನನ್ನ ಕಡೆ ತಿರುಗಿದ. ಅಮ್ಮನಿಗೆ ಗೊತ್ತಿತ್ತಾ ಎಂದು ಕೇಳಿದ. ಗೊತ್ತಿತ್ತು ಎಂದೆ.

"ನೀವು ಯಾಕೆ ಹೇಳಲಿಲ್ಲ ಚಿಕ್ಕಮ್ಮ?"

ನಾನು ಬೆಂಚಿಗೆ ಕೂರಲು ಹೋದೆ. ರಜೆಯ ವಿಷಯ ನೀವೇನು ಹೇಳುತ್ತೀರಿ ಎಂದು ಸಭೆಯವರು ಕೇಳಿದರು. ಮತ್ತೆ ನೆಟ್ಟಗೆ ನಿಂತೆ. ರಜೆ ಇರಬೇಕು. ಮೊಟ್ಟೆ ಇಡುವ ಮೀನಿಗೂ ಬೇಕು, ಉಕ್ಕುವ ಹೊಳೆಗೆ ಇಳಿಯುವ ಗಂಡಸರಿಗೂ ಬೇಕು. ಆದರೆ ಬಲೆ ಏರಿದ ದಿನವೇ ಅದನ್ನೇ ನಂಬಿದ ಮನೆಗಳಿಗೆ ಅಕ್ಕಿ ಹೋಗಬೇಕು, ಕೇಳುವ ಮೊದಲು ಹೋಗಬೇಕು. ಅದು ಆಗದಿದ್ದರೆ ಇನ್ನೊಬ್ಬರ ಬಲೆಗೆ ಗಂಟು ಹಾಕುವ ಅಧಿಕಾರ ಯಾವ ಮನೆಗೂ ಇಲ್ಲ, ಪಂಚಾಯತಿಗೂ ಇಲ್ಲ. ಇಷ್ಟನ್ನು ತಡವರಿಸುತ್ತ ಹೇಳಿದೆ. ಎಷ್ಟು ಕೇಳಿಸಿತೋ ತಿಳಿಯದು. ತೀರ್ಮಾನ ಮುಂದೆ ಹೋಯಿತು. ಅಷ್ಟರಲ್ಲಿ ಕೆಂಪು ನೀರು ಬಂತು. ಈ ವರ್ಷ ಅಟ್ಟಕ್ಕೆ ಬಂದದ್ದು ಎರಡೇ ಬಲೆ ಎಂದು ದಿನೇಶ ಮಾಮ ಹೇಳಿದ. ಭಾನುವಾರದ ಆ ಮೀನು ನಮ್ಮ ಹೊಳೆಯದ್ದೇ ಇರಬಹುದು.

ಸಭೆ ಮುಗಿದು ಹೊರಡುವಾಗ ಸುಧಾಕರ ಗೇಟಿನ ಹತ್ತಿರ ಕಾದಿದ್ದ. "ಬಾಯಲ್ಲಿ ಹೇಳಿದ್ದು ನಾಳೆ ಇರುವುದಿಲ್ಲ. ಬರೆದು ಕೊಡಿ" ಎಂದ.

ಬರೆದು, ಹೋದ ವಾರ ಕೊಟ್ಟು ಬಂದೆ. ಒಂದೇ ಹಾಳೆ. ಅವನು ಅಂಗಳದಲ್ಲಿ ನಿಂತೇ ಓದಿ, ಮಡಚಿ ಕಿಸೆಗೆ ಹಾಕಿದ. ಕೂರಿ ಎನ್ನಲಿಲ್ಲ. "ಮಳೆ ಬರುತ್ತದೆ, ಹೊರಡಿ" ಎಂದ. ಕಾಪುವಿನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಆ ಹಾಳೆಯಲ್ಲಿ ಬಲೆ ನಾನು ಕೊಟ್ಟೆ ಎಂದು ಬರೆದಿದ್ದೇನೆ. ಲೀಲಕ್ಕ ಒಲೆಯ ಕಡೆ ನೋಡಿದ್ದನ್ನು ಬರೆದಿಲ್ಲ. ಅನ್ನದ ಪಾತ್ರೆ ಬದಿಗೆ ಸರಿಸಿದ್ದನ್ನು ಬರೆದಿಲ್ಲ. ಅದು ಇರುವುದು ಈ ಪುಟಗಳಲ್ಲಿ ಮಾತ್ರ.

ಮಕ್ಕಳೇ, ಈ ಪುಟಗಳನ್ನು ಜೋಪಾನ ಮಾಡಿ. ನಾವಿರುವ ಈ ಮಣಿಪಾಲದ ಮಳೆಗೆ ಕಪಾಟಿನ ಒಳಗೂ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಯ ನಡುವೆ ಇಡಿ. ನೀವು ದೊಡ್ಡವರಾದ ಮೇಲೆ ಸುಧಾಕರನ ಮಕ್ಕಳಿಗೆ ಓದಲು ಕೊಡಿ. ಅವರು ಕೇಳುವವರೆಗೆ ಕಾಯಬೇಡಿ.