ಬುಡ ಬಿಟ್ಟು ಕೊಯ್ದ ಅಣಬೆ

ಸೆಪ್ಟೆಂಬರ್ 21, ಶನಿವಾರ, ಮಧ್ಯಾಹ್ನ 2.10. ಬಬ್ಬೂರಿನ ಕೃಷಿ ಕೇಂದ್ರದಲ್ಲಿ ಅರ್ಧ ದಿನದ ಕೆಲಸ ಮುಗಿಸಿ, ಆದಿವಾಲದಾಚೆಯ ನಮ್ಮೂರಿಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಅಪ್ಪ ಆಗಲೇ ಮನೆಗೆ ಬಂದಿದ್ದ. ಪಡಸಾಲೆಯಲ್ಲಿ ಕಂಬಳಿ ಬಿಚ್ಚಿದ. ಒಳಗೆ ಒಂಬತ್ತು ಅಣಬೆ.

ಅವು ಅಕ್ಕನಿಗಾಗಿ ತಂದವು. ನಾಲ್ಕು ತಿಂಗಳ ಬಸುರಿ ಅವಳು. ವಾಂತಿ ನಿಲ್ಲದೆ ಹೊಸದುರ್ಗದ ಗಂಡನ ಮನೆಯಿಂದ ಬಂದಿದ್ದಳು. ತೂಕ ಇಳಿದಿದೆ, ಯಾವುದು ಸೇರುತ್ತದೋ ಅದನ್ನೇ ಕೊಡಿ ಎಂದು ಡಾಕ್ಟರು ಹೇಳಿದ್ದರು. ಬಂದು ಹನ್ನೆರಡು ದಿನವಾದರೂ ಮುದ್ದೆ ಸೇರಲಿಲ್ಲ, ಅನ್ನವೂ ಸೇರಲಿಲ್ಲ. ಬಾಯಿಬಿಟ್ಟು ಕೇಳಿದ್ದು ಒಂದೇ, ಅಣಬೆ ಸಾರು. ಮಳೆ ಬಿದ್ದ ಮೇಲೆ ಅಪ್ಪ ಮೂರು ದಿನದಿಂದ ಗುಡ್ಡದ ಕಾಡಿನಲ್ಲಿ ಅದನ್ನೇ ಹುಡುಕುತ್ತಿದ್ದ.

ಬಿಳಿ ಕೊಡೆ, ಮೇಲೆ ಕಂದು ಚಕ್ಕೆ. ನನಗೆ ಅನುಮಾನ ಬಂತು.

"ಬುಡ ಎಲ್ಲಪ್ಪ?"

"ಹುತ್ತದ ಹತ್ರ ಅಗೀತಾರೇನಲೇ? ನಾಗಪ್ಪನ ಜಾಗ ಅದು. ಮೇಲಿಂದ ಕುಡುಗೋಲಾಗೆ ಕೊಯ್ಕಂಡು ಬಂದೆ. ಕುರಿ ಒಂದು ತಿಂತು, ಏನೂ ಆಗ್ಲಿಲ್ಲ."

ನಮ್ಮಲ್ಲಿ ಎಲ್ಲರೂ ಹೀಗೆಯೇ ಕೊಯ್ಯುತ್ತಾರೆ. ಆದರೆ ಹುತ್ತದ ಅಣಬೆಯನ್ನು ಖಚಿತವಾಗಿ ಹೇಳುವುದು ಅದರ ಬುಡವೇ. ದಾರದಂತಹ ಬೇರು ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಅದನ್ನೇ ಮಣ್ಣಿನಲ್ಲಿ ಬಿಟ್ಟು ಬಂದರೆ ಕೈಯಲ್ಲಿ ಉಳಿಯುವುದು ಬರೀ ಕೊಡೆ. ವಿಷದ ನಾಯಿಕೊಡೆಗೂ ಅಂಥದ್ದೇ ಕೊಡೆ ಇರುತ್ತದೆ.

ಕೇಂದ್ರದಲ್ಲಿ ನಡೆದ ಅಣಬೆ ಕೃಷಿಯ ತರಬೇತಿಯೊಂದಕ್ಕೆ ಕುರ್ಚಿ ಜೋಡಿಸಲು ಹೋಗಿದ್ದಾಗ, ಹಿಂದೆ ನಿಂತು ಒಂದು ಪರೀಕ್ಷೆಯ ವಿಚಾರ ಕೇಳಿಸಿಕೊಂಡಿದ್ದೆ. ಕೊಡೆಯನ್ನು ಬಿಳಿ ಹಾಳೆಯ ಮೇಲೆ ಬೋರಲಾಗಿಟ್ಟು ಬಟ್ಟಲು ಮುಚ್ಚಬೇಕು. ಕೆಲವು ಗಂಟೆಗಳಲ್ಲಿ ಅದರ ಪುಡಿ ಉದುರಿ ಬಣ್ಣ ತೋರಿಸುತ್ತದೆ. ಹುತ್ತದ ಅಣಬೆಯದು ನಸುಗುಲಾಬಿ. ಹಸಿರು ಬಂದರೆ ಮುಟ್ಟಬಾರದು, ವಾಂತಿ ಭೇದಿ ಹಿಡಿಯುತ್ತದೆ. ನನಗೆ ಗೊತ್ತಿದ್ದುದು ಅಷ್ಟೇ.

"ಕುರ್ಚಿ ಹಾಕಾಕೆ ಹೋದೋನು ಮೇಷ್ಟ್ರಾಗಿ ಬಂದವ್ನೆ," ಎಂದು ಅವ್ವ ಗೊಣಗಿದಳು. ಆದರೂ ಮನೆಯ ಬಟ್ಟಲುಗಳನ್ನೆಲ್ಲ ತಂದುಕೊಟ್ಟಳು. ಮಸಾಲೆ ಅರೆದಾಗಿತ್ತು.

ಒಂಬತ್ತನ್ನೂ ಒಂದೊಂದು ಹಾಳೆಯ ಮೇಲಿಟ್ಟು 2.35ಕ್ಕೆ ಮುಚ್ಚಿದೆ. ಅಕ್ಕ ಗೋಡೆಗೊರಗಿ ಬಟ್ಟಲುಗಳನ್ನೇ ನೋಡುತ್ತಿದ್ದಳು. "ಲೇ ತಮ್ಮ, ಬಾಣಂತನ ಆಗೋದ್ರೊಳಗಾದ್ರೂ ತೆಗೀತೀಯೇನೋ?" ಎಂದಳು. ಐದು ಗಂಟೆಗೆ ಮತ್ತೆ ವಾಂತಿ ಮಾಡಿಕೊಂಡಳು. ಬರೀ ನೀರು. ಆಮೇಲೆ ತಮಾಷೆ ಮಾಡಲಿಲ್ಲ.

7.05ಕ್ಕೆ ತೆಗೆದೆ. ಏಳು ಹಾಳೆಗಳಲ್ಲಿ ಹಸಿರು. ಎರಡರಲ್ಲಿ ಬಣ್ಣವಿತ್ತು, ಆದರೆ ತೀರಾ ತೆಳು. ಗುಲಾಬಿಯೋ, ಬರೀ ಬಿಳಿಯೋ, ಬಲ್ಬಿನ ಬೆಳಕಿನಲ್ಲಿ ತಿಳಿಯಲಿಲ್ಲ.

ಅಪ್ಪ ಹಾಳೆಗಳನ್ನು ಬಹಳ ಹೊತ್ತು ನೋಡಿದ. "ಅವೆರಡನ್ನಾದ್ರೂ ಮಾಡಾಣ. ಅವಳೊಬ್ಬಳಿಗೆ ಸಾಕಾಗ್ತೈತೆ."

ಒಂಬತ್ತೂ ಒಂದೇ ಕಂಬಳಿಯಲ್ಲಿ ಉಜ್ಜಾಡಿಕೊಂಡು ಬಂದವು. ಅವಳ ಹೊಟ್ಟೆಗೆ ಹೋಗಬೇಕಾದವು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಬೇಡ ಎಂದೆ. ಕೋಳಿ ಕೆದಕದಂತೆ ಹಿತ್ತಿಲಲ್ಲಿ ಗುಂಡಿ ತೋಡಿ ಒಂಬತ್ತನ್ನೂ ಹೂತು ಬಂದೆ. ಅವ್ವ ಅರೆದ ಮಸಾಲೆಗೆ ಬದನೆಕಾಯಿ ಹಾಕಿದಳು. ಅಕ್ಕ ಎರಡು ತುತ್ತು ತಿಂದಳು. ಅವೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ 7.20ಕ್ಕೆ ಅಪ್ಪ, "ನಡಿ, ನೋಡ್ಕಂಡು ಬರಾಣ," ಎಂದ. ಗುಡ್ಡ ಹತ್ತಿದೆವು. ಹುತ್ತದ ಸುತ್ತ ಕೊಯ್ದ ಮೊಟಕುಗಳು ಹಾಗೇ ಇದ್ದವು. ಏಳು ಸ್ವಲ್ಪ ದೂರದ ಹುಲ್ಲಿನಲ್ಲಿ, ಎರಡು ಹುತ್ತದ ಮಗ್ಗುಲಿಗೇ. ಹುಲ್ಲಿನವನ್ನು ನಾನು ಕಿತ್ತೆ. ಬುಡ ಗೆಡ್ಡೆಯಂತೆ ದಪ್ಪ, ಬೇರೆಂಬುದೇ ಇಲ್ಲ. ಹುತ್ತದ ಕಡೆ ಕೈ ಚಾಚಿದಾಗ ಅಪ್ಪ ತಡೆದ. ಚಪ್ಪಲಿ ಬಿಟ್ಟು, ಕೈ ಮುಗಿದು, "ಮಗಳಿಗೋಸ್ಕರ ಕಣಪ್ಪ," ಎಂದು ತಾನೇ ಕಡ್ಡಿಯಿಂದ ಮಣ್ಣು ಬಿಡಿಸತೊಡಗಿದ. ಒಂದು ಗೇಣು ಇಳಿದರೂ ಬೇರು ಮುಗಿಯಲಿಲ್ಲ. ಇನ್ನೊಂದರದೂ ಹಾಗೆಯೇ.

ಮಣ್ಣು ಮುಚ್ಚಿ ಎದ್ದ. "ಅವೆರಡು ಸರಿ ಇದ್ವಲ್ಲೋ," ಎಂದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಮಳೆಯಿಲ್ಲ. ಹೋಗಿ ನೋಡಿದ್ದು ಆರು ಸಲ, ಸಿಕ್ಕಿದ್ದು ಸೊನ್ನೆ. ಅಕ್ಕ ಈಗ ಮಜ್ಜಿಗೆಯಲ್ಲಿ ದಿನ ದೂಡುತ್ತಿದ್ದಾಳೆ, ಅಣಬೆಯ ಮಾತೆತ್ತುವುದಿಲ್ಲ. ಅಪ್ಪ ಮಾತ್ರ ಮೋಡ ಕಂಡಾಗಲೆಲ್ಲ ನನ್ನ ಕಡೆ ನೋಡುತ್ತಾನೆ. ಮುಂದಿನ ಸಲ ಬೇರು ಸಮೇತ ತರುತ್ತಾನಂತೆ. ಆದರೆ ಬೇರೂ ಗುಲಾಬಿ ಬಣ್ಣವೂ ಎರಡೂ ಇದ್ದರೆ ಬಸುರಿಗೆ ಧೈರ್ಯವಾಗಿ ಬಡಿಸಬಹುದೇ? ನಾಯಿಕೊಡೆಯ ಜೊತೆ ಉಜ್ಜಾಡಿದ್ದನ್ನು ತೊಳೆದರೆ ಸಾಕೇ? ನನಗೆ ತಿಳಿಯದು. ಬಲ್ಲವರು ಯಾರಾದರೂ ಇದನ್ನು ಓದಿದರೆ, ಇನ್ನೊಂದು ಮಳೆ ಬರುವುದರೊಳಗೆ ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ.