ಫೋಟೋದ ಬೆನ್ನು

ಯಾವ ಫೋಟೋ ಕೈಗೆ ಬಂದರೂ ನಾನು ಮೊದಲು ನೋಡುವುದು ಅದರ ಬೆನ್ನನ್ನು. ಮೊಮ್ಮಗಳು ನಗುತ್ತಾಳೆ, ಅವಳ ಫೋನಿನ ಫೋಟೋಗಳಿಗೆ ಬೆನ್ನೇ ಇಲ್ಲವಲ್ಲ. ಈ ಹ್ಯಾಬಿಟ್ ನನಗೆ ಅಂಟಿಸಿದವಳು ಸತ್ತೆವ್ವ.

ಆಗ ನಮ್ಮ ಜಮಖಂಡಿ ಮುಂಬಯಿ ರಾಜ್ಯದಲ್ಲಿತ್ತು. ಬೆಳಗಾವಿಯ ಕಾನ್ವೆಂಟಿನಿಂದ ರಜೆಗೆ ಬರುವಾಗ ನನ್ನ ಟ್ರಂಕಿನಲ್ಲಿ ಬಟ್ಟೆ ಕಡಿಮೆ, ಇಂಗ್ಲಿಷ್ ಜಾಸ್ತಿ. ಆ ಸಲ ಒಂದು ಫೋಟೋ ಕೂಡ ಇತ್ತು. ಅಮೆರಿಕದ ವಿಸ್ಕಾನ್ಸಿನ್‌ನಿಂದ ಬಂದಿದ್ದ ಸಿಸ್ಟರ್ ಕೊಟ್ಟದ್ದು. ಅವರಜ್ಜಿಯ ಕಾಲದಲ್ಲಿ ಅವರೂರಿನ ಸ್ಟುಡಿಯೋದಲ್ಲಿ ತೆಗೆದದ್ದು. ಬಣ್ಣದ ಪರದೆಯ ಮುಂದೆ ಗಂಡ, ಹೆಂಡತಿ, ಎರಡು ಮಕ್ಕಳು. ತಾಯಿಯ ಕೊರಳ ತುಂಬ ಮಣಿಸರ, ಹೆಗಲ ಮೇಲೆ ಕಂಬಳಿ. ಯಾರೂ ನಕ್ಕಿಲ್ಲ. ಬೆನ್ನಿಗೆ ‘ಇಂಡಿಯನ್ ಫ್ಯಾಮಿಲಿ’ ಎಂದಷ್ಟೇ ಬರೆದಿತ್ತು.

ನಮಗೆ ಕಂಬಳಿ ತಂದುಕೊಡುತ್ತಿದ್ದ ಕುರುಬರ ಸತ್ತೆವ್ವ ಅದನ್ನು ನೋಡಿ, ಇಲ್ಲೇ ಸಾವಳಗಿ ಕಡೆಯವರೇನೋ ಎಂದುಕೊಂಡಳು. ಅಲ್ಲ, ಅಮೆರಿಕದ ಮೂಲ ಜನ, ಆದರೂ ಇಂಗ್ಲಿಷಿನಲ್ಲಿ ಅವರೂ ಇಂಡಿಯನ್, ನಾವೂ ಇಂಡಿಯನ್ ಎಂದೆ.

“ಇಬ್ಬರಿಗೂ ಒಂದ ಹೆಸರಾ? ಇಂಗ್ಲಿಷಿನ್ಯಾಗ ಹೆಸರಿಗೂ ಬರ ಬಂದೈತೇನು?”

ಆ ತಾಯಿಯ ಸ್ವಂತ ಹೆಸರು ಕೇಳಿದಳು. ಬರೆದಿಲ್ಲ ಎಂದೆ. ಅವಳು ಫೋಟೋವನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

ಮುಂದಿನ ವಾರ ತನ್ನದೇ ಮನೆಯವರ ಫೋಟೋ ತಂದಳು. ಮಗಳು ಕಲ್ಲವ್ವ ಮದುವೆಯಾಗಿ ಹೊಳೆಯಾಚೆ ಹೊರಟಿದ್ದಳು; ಜೊತೆಗೆ ಒಯ್ಯಲೆಂದು ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಹೆಸರು ಬರೆದುಕೊಡು ಎಂದಳು. ನಾನೋ, ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ ಇಂಗ್ಲಿಷಿನಲ್ಲೇ ‘ಎ ಶೆಫರ್ಡ್ ಫ್ಯಾಮಿಲಿ, ಜಮಖಂಡಿ’ ಎಂದು ಬರೆದು ಬೀಗಿದೆ.

ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು.

“ಯವ್ವಾ, ಇದರಾಗ ನಾ ಎಲ್ಲಿ ಅದೇನಿ?”

ಅರ್ಥ ಹೇಳಬೇಕಾಯಿತು. ಅವಳಿಗೆ ಸಿಟ್ಟೇನೂ ಬರಲಿಲ್ಲ.

“ನಾಳೆ ಕಲ್ಲವ್ವನ ಮಕ್ಕಳು ಈಕಿ ಯಾರಂತ ಕೇಳಿದರ, ಯಾರೋ ಕುರುಬರಾಕಿ ಅನ್ನೂದಾ?”

ಇಂಗ್ಲಿಷನ್ನು ಹೊಡೆದುಹಾಕಿ ಕನ್ನಡದಲ್ಲಿ ಬರೆದೆ: ಸತ್ತೆವ್ವ, ಅವಳ ಗಂಡ ಬೀರಪ್ಪ, ಕಲ್ಲವ್ವ. ಕಾಲ ಬಳಿ ಮಲಗಿದ್ದ ಮುಧೋಳ ನಾಯಿ ಚಿಗರ್ಯಾನನ್ನೂ ಅವಳು ಬಿಡಗೊಡಲಿಲ್ಲ. ನಾಯಿಗಿದ್ದ ಮರ್ಯಾದೆಯೂ ನನ್ನ ಫೋಟೋದ ತಾಯಿಗಿಲ್ಲವಲ್ಲ ಎಂದು ಅಂದೇ ಚುಚ್ಚಿತು.

ಸಿಸ್ಟರ್ ಊರಿನ ಸುತ್ತಲಿನ ಆ ಜನ ತಮ್ಮನ್ನು ತಾವು ಹೋ-ಚಂಕ್ ಎಂದು ಕರೆದುಕೊಳ್ಳುತ್ತಾರೆಂದು ತಿಳಿದದ್ದು ತೀರಾ ಈಚೆಗೆ. ಅಂಥ ಹಳೆಯ ಸ್ಟುಡಿಯೋ ಫೋಟೋಗಳಲ್ಲಿ ಅವರ ಮೊಮ್ಮಕ್ಕಳು ಈಗ ತಮ್ಮವರನ್ನು ಗುರುತಿಸಿ ಹೆಸರು ಬರೆಯುತ್ತಾರಂತೆ. ಮೊಮ್ಮಗಳ ಕೈಯಲ್ಲಿ ನನ್ನಲ್ಲಿರುವ ಫೋಟೋದ ಪ್ರತಿಯನ್ನೂ ಅವರಿಗೆ ಈಮೇಲ್ ಮಾಡಿಸಿದ್ದೇನೆ. ಇನ್ನೂ ರಿಪ್ಲೈ ಇಲ್ಲ.

ಮೂಲದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ನಾಲ್ಕು ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ. ಆ ತಾಯಿಯದು ಮೊದಲನೆಯ ಗೆರೆ.