ಅಬು ನಾಸರ್ ಅವರ ಪೈಲಟ್ ದೋಣಿ

ಮಲ್ಪೆಯಲ್ಲಿ ನನ್ನೊಂದಿಗೆ ದೋಣಿ ಕಟ್ಟುತ್ತಿದ್ದ ಹಿರಿಯರು ಸಮುದ್ರದ ಪವಾಡಗಳನ್ನು ಹೇಳುವಾಗ ಮುಖ ತಿರುಗಿಸಿ ನಗುತ್ತಿದ್ದವನು ನಾನು. ಕೆಲವು ವರ್ಷಗಳ ಹಿಂದೆ ಸೌದಿಯ ಅಲ್ ಖೋಬರ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ನೀವೂ ನಕ್ಕರೆ ನನಗೆ ಬೇಸರವಿಲ್ಲ.

ನನ್ನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅಬು ನಾಸರ್ ತೊಂಬತ್ತರ ಹತ್ತಿರದವರು. ಅವರ ತಂದೆ, ಹಡಗುಗಳಿಗೆ ಬಂದರಿನ ದಾರಿ ತೋರಿಸುವ ಪೈಲಟ್. ತಂದೆಯನ್ನು ಹಡಗಿನವರೆಗೆ ಒಯ್ಯುತ್ತಿದ್ದ ಹಾಯಿದೋಣಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಕಾವಲಿಗೆಂದು ತೆಗೆದುಕೊಂಡಿತ್ತು. ಮರಳಿ ಬಂದ ಮೇಲೆ ಅದು ಶೆಡ್ಡಿನಲ್ಲೇ ಉಳಿಯಿತು. ಅದರಲ್ಲಿ ಮತ್ತೊಮ್ಮೆ ಕೂರಬೇಕೆಂಬುದು ಮುದುಕರ ಆಸೆ. ಎಂಟು ತಿಂಗಳು ಕೂತು ರಿಪೇರಿ ಮಾಡಿದೆ. ಎಂಜಿನ್ ಮಾತ್ರ ಬೇಡವೇ ಬೇಡ ಎಂದರು.

ಒಂದು ಶುಕ್ರವಾರ ಬೆಳಿಗ್ಗೆ ಅವರು, ನಾನು ಮತ್ತು ಥುಕ್ಬಾ ಬಡಾವಣೆಯ ನನ್ನ ರೂಮ್‌ಮೇಟ್, ಉಳ್ಳಾಲದ ಹಮೀದ್, ಹೊರಟೆವು. ಹಾಯಿ ಬಿಚ್ಚಿದಾಗ ಮುದುಕರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಒಂದು ತಾಸು ಕಳೆಯುವುದರೊಳಗೆ ಮಂಜು ಕವಿಯಿತು, ಗಾಳಿ ನಿಂತಿತು, ಹಾಯಿ ಜೋತಿತು. ಆದರೂ ದೋಣಿ ನಿಲ್ಲಲಿಲ್ಲ! ದಡದ ಕಡೆ ತಿರುಗಿಸಲು ನೋಡಿದೆ, ಚುಕ್ಕಾಣಿ ಅಲುಗಲಿಲ್ಲ.

"ಎಂತ ಮಾರಾಯ, ಎಲ್ಲಿಗೆ ಹೋಗ್ತಾ ಉಂಟು ಇದು?" ಹಮೀದ್ ಹಾಯಿಯ ಕಂಬ ಹಿಡಿದುಕೊಂಡು ಕೇಳಿದ.

"ನೀರಿನ ಸೆಳೆತ ಇರ್ಬೇಕು," ಎಂದೆ. ಆದರೆ ನೀರಲ್ಲಿ ತೇಲುತ್ತಿದ್ದ ಪಾಚಿ ಹಿಂದೆ ಬೀಳುತ್ತಿತ್ತು. ಸೆಳೆತವಾಗಿದ್ದರೆ ಅದೂ ನಮ್ಮೊಂದಿಗೇ ಬರಬೇಕಿತ್ತು.

"ಕೈ ಬಿಡು, ಅದಕ್ಕೆ ಅದರ ಕೆಲಸ ಗೊತ್ತು," ಎಂದರು ಅಬು ನಾಸರ್.

ಸ್ವಲ್ಪ ಹೊತ್ತಿನಲ್ಲೇ ಮಂಜಿನೊಳಗಿಂದ ಪುಟ್ಟದೊಂದು ಮೀನುಗಾರಿಕಾ ದೋಣಿ ಕಾಣಿಸಿತು. ಎಂಜಿನ್ ಕೆಟ್ಟು ಎರಡು ದಿನದಿಂದ ತೇಲುತ್ತಿದ್ದ ಇಬ್ಬರು ತಮಿಳರು ಅದರಲ್ಲಿದ್ದರು. ಕುಡಿಯುವ ನೀರು ಮುಗಿದಿತ್ತು. ನೀರು, ಖರ್ಜೂರ ಕೊಟ್ಟೆವು. ಹಿರಿಯವ ನನ್ನನ್ನು ತಬ್ಬಿಕೊಂಡು ಹರಕು ಹಿಂದಿಯಲ್ಲಿ ಹೇಳಿದ: "ಬೆಳಿಗ್ಗೆಯಿಂದ ನಿಮ್ಮ ಗಂಟೆ ಕೇಳ್ತಾ ಇತ್ತು ಭಾಯ್. ಅದಕ್ಕೇ ಧೈರ್ಯ ಬಿಡಲಿಲ್ಲ."

ನಮ್ಮಲ್ಲಿ ಗಂಟೆಯೇ ಇರಲಿಲ್ಲ. ಅವನ ಮಾತನ್ನು ಅರಬಿಯಲ್ಲಿ ಅಬು ನಾಸರ್ ಅವರಿಗೆ ಹೇಳಿದೆ. "ಒಂದು ಕಾಲದಲ್ಲಿ ಇತ್ತು," ಎಂದರು. "ಕಾವಲಿನ ದೋಣಿ ಸದ್ದು ಮಾಡಬಾರದೆಂದು ಸೈನಿಕರು ಬಿಚ್ಚಿದರು. ಗಂಟೆ ಮತ್ತೆ ಬರಲೇ ಇಲ್ಲ."

ಗಾಳಿ ಎದ್ದಿತು, ಬಿಸಿಲು ಬಂತು, ಚುಕ್ಕಾಣಿಯೂ ಸಡಿಲಾಯಿತು. ಅವರ ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ದಡ ಸೇರಿದೆವು. ಮಧ್ಯಾಹ್ನ ಮುದುಕರ ಮನೆಯಲ್ಲಿ ದೊಡ್ಡ ತಟ್ಟೆಯ ಸುತ್ತ ಐವರೂ ಕೂತು ಅರಬರ ಮಾಂಸದನ್ನ 'ಮಂದಿ' ಉಂಡೆವು. ಅಷ್ಟು ನಕ್ಕ ದಿನ ನನಗೆ ಈ ದೇಶದಲ್ಲಿ ಇನ್ನೊಂದಿಲ್ಲ.

ಗಂಟೆ ಹೇಗೆ ಕೇಳಿಸುತ್ತಿತ್ತೆಂದು ಊಟದ ನಡುವೆ ಕೇಳಿದೆ. ತಮಿಳರಿಬ್ಬರೂ ತಟ್ಟೆಯಂಚಿಗೆ ಬೆರಳಲ್ಲಿ ಹೊಡೆದು ತೋರಿಸಿದರು: ಎರಡು ಪೆಟ್ಟು, ಬಿಡುವು, ಮತ್ತೊಂದು ಪೆಟ್ಟು. ಅಬು ನಾಸರ್ ಊಟ ನಿಲ್ಲಿಸಿ ಕಣ್ಣೊರೆಸಿಕೊಂಡು ನಕ್ಕರು. "ಅಪ್ಪ ಹಾಗೇ ಹೊಡೆಯುತ್ತಿದ್ದರು," ಎಂದರು.

ಅದು ಹೇಗೆಂದು ಕೇಳಬೇಡಿ. ನನಗೂ ಗೊತ್ತಿಲ್ಲ.